ಸಂಶೋಧನಾ ವಿದ್ಯಾರ್ಥಿನಿಯೊಂದಿಗಿನ ಸಂಬಂಧವನ್ನು ವಿಭಾಗಕ್ಕೆ ತಿಳಿಸಲೇಬೇಕೆ?

ಪ್ರಶ್ನೆ: ಸಹಾಯಕ ಪ್ರಾಧ್ಯಾಪಕ

ನಾನು ವಿಶ್ವವಿದ್ಯಾಲಯವೊಂದರಲ್ಲಿ ಮೂರು ವರ್ಷಗಳಿಂದ ಸಹಾಯಕ ಪ್ರಾಧ್ಯಾಪಕನಾಗಿದ್ದೇನೆ. ನಮ್ಮದೇ ವಿಭಾಗದಲ್ಲಿ ಬೇರೊಬ್ಬ ಪ್ರಾಧ್ಯಾಪಕರ ಮಾರ್ಗದರ್ಶನದಲ್ಲಿ ಪಿಎಚ್.ಡಿ. ಮಾಡುತ್ತಿರುವ ವಿದ್ಯಾರ್ಥಿನಿಯೊಬ್ಬರಿಗೂ ನನಗೂ ಕಳೆದ ಎಂಟು ತಿಂಗಳಲ್ಲಿ ಆತ್ಮೀಯತೆ ಬೆಳೆದಿದ್ದು, ಅದು ಪ್ರೀತಿಯೆಂಬುದನ್ನು ಈಗ ಇಬ್ಬರೂ ಒಪ್ಪಿಕೊಂಡಿದ್ದೇವೆ. ನನಗೆ 33 ವರ್ಷ, ಅವರಿಗೆ 28. ಅವರು ಕೋರ್ಸ್ ವರ್ಕ್ ಮಾಡುವಾಗ ಒಂದು ಸೆಮಿಸ್ಟರ್ ನಾನು ಪಾಠ ಮಾಡಿದ್ದೆ. ಆಗ ನಮ್ಮ ನಡುವೆ ಏನೂ ಇರಲಿಲ್ಲ.

ತೊಡಕು ಶುರುವಾದದ್ದು ಇತ್ತೀಚೆಗೆ. ಅವರ ಸಲಹಾ ಸಮಿತಿಯಲ್ಲಿದ್ದ ಹಿರಿಯರೊಬ್ಬರು ನಿವೃತ್ತರಾದಾಗ, ವಿಷಯ ನನಗೆ ಹತ್ತಿರದ್ದೆಂಬ ಕಾರಣಕ್ಕೆ ಆ ಸ್ಥಾನಕ್ಕೆ ನನ್ನನ್ನು ಹಾಕಿದರು. ಬೇಡವೆಂದರೆ ಕಾರಣ ಹೇಳಬೇಕಾಗುತ್ತದೆಂದು ನಾನು ಸುಮ್ಮನಿದ್ದೆ. ಕಳೆದ ವಾರ ಅವರ ಅರ್ಧವಾರ್ಷಿಕ ಪ್ರಗತಿ ವರದಿಗೆ 25ಕ್ಕೆ ಅಂಕ ಕೊಡಬೇಕಾಯಿತು. ಓದಿ ಮುಗಿಸಿದಾಗ ಮನಸ್ಸಿಗೆ ಬಂದ ಅಂಕ 20. ಪೆನ್ನು ಹಿಡಿದು ಬಹಳ ಹೊತ್ತು ಕುಳಿತೆ. ಮುಂದೆ ಎಂದಾದರೂ ವಿಷಯ ಹೊರಬಿದ್ದರೆ ಈ 20ನ್ನು ಯಾರೂ ನಂಬಲಾರರೆಂದು ತೋರಿ 17 ಬರೆದೆ. ಸಂಜೆ ಅವರು ‘ಎಲ್ಲಿ ಕಡಿಮೆಯಾಯಿತು, ಹೇಳಿ, ತಿದ್ದಿಕೊಳ್ಳುತ್ತೇನೆ’ ಎಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ನಾವಿಬ್ಬರೂ ವಯಸ್ಕರು, ಯಾರ ಒತ್ತಾಯವೂ ಇಲ್ಲ. ಹೀಗಿರುವಾಗ ವಿಭಾಗದ ಮುಖ್ಯಸ್ಥರಿಗೆ ತಿಳಿಸಲೇಬೇಕೆ? ತಿಳಿಸಿದರೆ ಮಾತು ಹಬ್ಬಿ ಮೊದಲು ಕೆಡುವುದು ಅವರ ಹೆಸರೇ ಎಂಬ ಭಯ ನನಗಿದೆ. ಕೆಲಸದ ಒತ್ತಡವೆಂದು ಹೇಳಿ ಸಮಿತಿಯಿಂದ ಹೊರಬಂದರೆ ಸಾಲದೆ?

ಉತ್ತರ: ನಿವೃತ್ತ ಪ್ರಾಧ್ಯಾಪಕಿ

ಸಾಲದು. ಏಕೆಂಬುದನ್ನು ನೀವು ಬರೆದ ಆ 17 ಆಗಲೇ ಹೇಳುತ್ತಿದೆ. ಪಕ್ಷಪಾತವೆಂದರೆ ಹೆಚ್ಚು ಅಂಕ ಕೊಡುವುದೆಂದೇ ನಾವು ತಿಳಿದಿರುತ್ತೇವೆ. ಇಲ್ಲಿ ನಿಮ್ಮ ಭಯದ ದಂಡವನ್ನು ಅವರು ಮೂರು ಅಂಕಗಳಲ್ಲಿ ತೆತ್ತಿದ್ದಾರೆ, ಅದೂ ಕಾರಣ ತಿಳಿಯದೆ. ಪ್ರೀತಿಸುವವರ ಕೆಲಸಕ್ಕೆ ಬೆಲೆ ಕಟ್ಟಲು ಕುಳಿತವರು ಎಷ್ಟೇ ಪ್ರಾಮಾಣಿಕರಾಗಿದ್ದರೂ ತಕ್ಕಡಿ ಆ ಕಡೆಗೋ ಈ ಕಡೆಗೋ ವಾಲುತ್ತದೆ.

ಆರು ವರ್ಷ ವಿಭಾಗದ ಮುಖ್ಯಸ್ಥೆಯಾಗಿದ್ದ ಅನುಭವದಿಂದ ಹೇಳುತ್ತೇನೆ, ‘ನಾವಿಬ್ಬರೂ ವಯಸ್ಕರು’ ಎಂಬ ಮಾತು ಸುಳ್ಳಲ್ಲದಿದ್ದರೂ ನಿಮ್ಮ ಪ್ರಶ್ನೆಗೆ ಅದು ಉತ್ತರವಾಗುವುದಿಲ್ಲ. ಒಪ್ಪಿಗೆಯನ್ನು ಅಳೆಯಬೇಕಾದರೆ ನಿರಾಕರಣೆಗೂ ಅಷ್ಟೇ ಜಾಗವಿರಬೇಕು. ನಿಮ್ಮನ್ನು ಅವರು ನಿರಾಕರಿಸಿದರೆ ಅವರು ಕಳೆದುಕೊಳ್ಳಬಹುದಾದದ್ದು ಬಹಳಷ್ಟಿದೆ. ಅವರನ್ನು ನೀವು ನಿರಾಕರಿಸಿದರೆ ನಿಮ್ಮ ನೌಕರಿಗೆ ಏನೂ ಆಗುವುದಿಲ್ಲ. ಅದೂ ಅಲ್ಲದೆ ಪಿಎಚ್.ಡಿ. ಮುಗಿದ ಮೇಲೂ ಹಲವು ವರ್ಷ ಶಿಫಾರಸು ಪತ್ರಕ್ಕಾಗಿ ವಿದ್ಯಾರ್ಥಿ ವಿಭಾಗದ ಕಡೆಗೇ ನೋಡಬೇಕಾಗುತ್ತದೆ.

ಈ ಕಾರಣಕ್ಕೇ ನಿಯಮಗಳು ವರ್ಷದಿಂದ ವರ್ಷಕ್ಕೆ ಬಿಗಿಯಾಗುತ್ತಿವೆ. ಯೇಲ್ ವಿಶ್ವವಿದ್ಯಾಲಯ 2010ರಲ್ಲಿ ಅಧ್ಯಾಪಕರಿಗೂ ಪದವಿ ವಿದ್ಯಾರ್ಥಿಗಳಿಗೂ ನಡುವಿನ ಇಂತಹ ಸಂಬಂಧವನ್ನು, ಪಾಠ ಮಾಡುತ್ತಿರಲಿ ಬಿಡಲಿ, ಪೂರ್ತಿಯಾಗಿ ನಿಷೇಧಿಸಿತು. 2015ರಲ್ಲಿ ಹಾರ್ವರ್ಡಿನ ಕಲೆ ಮತ್ತು ವಿಜ್ಞಾನ ನಿಕಾಯವೂ ಅದನ್ನೇ ಮಾಡಿತು. ಸಂಶೋಧನಾ ವಿದ್ಯಾರ್ಥಿಗಳ ವಿಷಯದಲ್ಲಿ ಮಾತ್ರ ಬೋಧನೆ, ಮಾರ್ಗದರ್ಶನ, ಮೌಲ್ಯಮಾಪನದ ನಂಟಿರುವ ಕಡೆಗೆ ನಿಷೇಧವನ್ನು ಸೀಮಿತಗೊಳಿಸಿತು. ಆಕ್ಸ್‌ಫರ್ಡ್ 2023ರ ಏಪ್ರಿಲ್‌ನಿಂದ, ತಮ್ಮ ಹೊಣೆಯಲ್ಲಿರುವ ವಿದ್ಯಾರ್ಥಿಗಳೊಂದಿಗೆ ಸಿಬ್ಬಂದಿ ಆಪ್ತ ಸಂಬಂಧ ಹೊಂದುವಂತಿಲ್ಲವೆಂದು ವಿಧಿಸಿದೆ. ನಿಮ್ಮ ಸಂಸ್ಥೆಯ ನಿಯಮಾವಳಿ ಏನೆನ್ನುತ್ತದೆಂಬುದನ್ನು ಇವತ್ತೇ ತೆಗೆದು ಓದಿ. ಯಾವ ನಿಯಮದಲ್ಲಿ ನೋಡಿದರೂ ನೀವು ಸಮಿತಿಗೆ ಬಂದ ದಿನವೇ ಗೆರೆ ದಾಟಿದಂತಾಯಿತು.

ಮುಖ್ಯಸ್ಥರಿಗೆ ಬಾಯಿಮಾತಿನಲ್ಲಿ ಹೇಳಬೇಡಿ, ಲಿಖಿತವಾಗಿ ಕೊಡಿ. ಪತ್ರದಲ್ಲಿ ಪ್ರೀತಿಯ ಕಥೆ ಬೇಕಿಲ್ಲ. ‘ಈ ವಿದ್ಯಾರ್ಥಿಯೊಂದಿಗೆ ನನಗೆ ಆಪ್ತ ವೈಯಕ್ತಿಕ ಸಂಬಂಧವಿರುವುದರಿಂದ ಅವರ ಬೋಧನೆ, ಮೌಲ್ಯಮಾಪನ ಹಾಗೂ ಅವರಿಗೆ ಸಂಬಂಧಿಸಿದ ಯಾವ ನಿರ್ಧಾರದಲ್ಲೂ ನನಗೆ ಪಾತ್ರ ಕೊಡಬಾರದು’ ಎಂಬ ಒಂದು ವಾಕ್ಯ ಸಾಕು. ಗೌಪ್ಯವೆಂದು ಗುರುತು ಹಾಕಿ, ದಿನಾಂಕ ಬರೆದು, ಪತ್ರವನ್ನು ಯಾರ್‍ಯಾರು ನೋಡುತ್ತಾರೆಂದು ಕೇಳಿ ತಿಳಿದುಕೊಳ್ಳಿ. ಕಳುಹಿಸುವ ಮುನ್ನ ಆ ಪತ್ರವನ್ನು ಆ ವಿದ್ಯಾರ್ಥಿನಿ ಓದಿರಬೇಕು. ಸಮಿತಿಯನ್ನು ಬಿಟ್ಟ ಮಾತ್ರಕ್ಕೆ ಎಲ್ಲವೂ ಮುಗಿಯುವುದಿಲ್ಲ. ಫೆಲೋಶಿಪ್ ವಿಸ್ತರಣೆ, ಸಮ್ಮೇಳನದ ಪ್ರಯಾಣ ಅನುದಾನ, ಉಪಕರಣ ಬಳಕೆಯ ಸರದಿ, ಪ್ರಬಂಧ ಪರೀಕ್ಷಕರ ಪಟ್ಟಿ, ಇವೆಲ್ಲ ವಿಭಾಗದ ಸಭೆಗೆ ಬರುತ್ತವೆ. ಅವರ ಹೆಸರು ಬಂದಾಗ ನೀವು ಎದ್ದು ಹೊರಗೆ ಹೋಗಬೇಕು, ಮತ್ತು ಹೋದದ್ದು ನಡಾವಳಿಯಲ್ಲಿ ದಾಖಲಾಗಬೇಕು. ಕೆಲಸದ ಒತ್ತಡವೆಂದು ಸುಳ್ಳು ಕಾರಣ ಕೊಟ್ಟು ಹೊರಬಂದರೆ ಇದ್ಯಾವುದಕ್ಕೂ ರಕ್ಷಣೆಯಿರುವುದಿಲ್ಲ, ಮುಂದೆ ಆ ಸುಳ್ಳಿಗೂ ನೀವೇ ಜವಾಬು ಹೇಳಬೇಕಾಗುತ್ತದೆ.

ಉತ್ತರ: ಮಾಜಿ ಸಂಶೋಧನಾ ವಿದ್ಯಾರ್ಥಿ

ಇಂತಹ ಚರ್ಚೆಗಳಲ್ಲಿ ಇಬ್ಬರ ಮಾತಷ್ಟೇ ಬರುತ್ತದೆ. ಅದೇ ಪ್ರಯೋಗಾಲಯದಲ್ಲಿ ಕುಳಿತಿರುವ ಉಳಿದವರ ಮಾತನ್ನೂ ಕೇಳಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮಾರ್ಗದರ್ಶಕರಿಗೂ ನನ್ನ ಸಹಪಾಠಿಯೊಬ್ಬರಿಗೂ ಸಂಬಂಧವಿದ್ದದ್ದು ಎಲ್ಲರಿಗೂ ಗೊತ್ತಿತ್ತು, ಯಾರೂ ಆಡುತ್ತಿರಲಿಲ್ಲ. ವಾರದ ಸಭೆಯಲ್ಲಿ ಅವರ ಫಲಿತಾಂಶದ ಮೇಲೆ ಪ್ರಶ್ನೆ ಕೇಳುವುದನ್ನು ನಾವು ಒಬ್ಬೊಬ್ಬರಾಗಿ ನಿಲ್ಲಿಸಿದೆವು. ಮಾರ್ಗದರ್ಶಕರ ಬಗ್ಗೆ ದೂರಿದ್ದರೆ ಆಕೆಯ ಎದುರು ಬಾಯಿ ಬಿಡುವಂತಿರಲಿಲ್ಲ. ಒಂದು ಲೇಖನದಲ್ಲಿ ಆಕೆಯ ಹೆಸರು ಮೊದಲನೆಯದಾಗಿ, ನನ್ನದು ಮೂರನೆಯದಾಗಿ ಬಂದಾಗ ನಾನು ಅದನ್ನು ಅನ್ಯಾಯವೆಂದೇ ನಂಬಿದೆ. ವರ್ಷಗಳ ನಂತರ ಪ್ರಯೋಗಾಲಯದ ದಾಖಲೆ ಪುಸ್ತಕವನ್ನು ಬೇರೆ ಕೆಲಸಕ್ಕಾಗಿ ತಿರುವಿಹಾಕುತ್ತಿದ್ದಾಗ ಆ ಲೇಖನದ ಮುಖ್ಯ ಅಳತೆಗಳು ಪುಟದ ಮೇಲೆ ಪುಟ ಆಕೆಯ ಕೈಬರಹದಲ್ಲೇ ಇದ್ದವು, ರಾತ್ರಿ ಎರಡು ಗಂಟೆಯ ನಮೂದುಗಳೂ ಇದ್ದವು. ಮೊದಲ ಹೆಸರು ಆಕೆಗೇ ಸಲ್ಲಬೇಕಾಗಿತ್ತು. ಆಕೆಯ ದುಡಿಮೆಯನ್ನು ನಾವ್ಯಾರೂ ನಂಬದಂತೆ ಮಾಡಿದ್ದು ಆ ಗುಟ್ಟು. ಆಕೆಯನ್ನು ಹುಡುಕಿ ಕ್ಷಮೆ ಕೇಳಿದೆ. ಅದು ಬಹಳ ತಡವಾಗಿತ್ತು.

ಹೇಳಿದರೆ ಅವರ ಹೆಸರು ಕೆಡುತ್ತದೆಂದು ನೀವು ಬರೆದಿದ್ದೀರಿ. ಹೇಳದೆ ಉಳಿದರೆ ಅವರ ಕೆಲಸದ ಹೆಸರೇ ಉಳಿಯುವುದಿಲ್ಲ.

ಉತ್ತರ: ಉಪನ್ಯಾಸಕ

ಮೇಲಿನ ಎರಡೂ ಉತ್ತರಗಳಲ್ಲಿ ನಿಜವಿದೆ, ಆದರೆ ಒಂದು ಆಕ್ಷೇಪವಿದೆ. ಪೂರ್ತಿ ನಿಷೇಧ ಬಂದ ಕಡೆ ಸಂಬಂಧಗಳು ನಿಂತುಹೋಗುತ್ತವೆಂದು ನನಗನ್ನಿಸುವುದಿಲ್ಲ, ಅವು ಮರೆಗೆ ಸರಿಯುತ್ತವೆ. ತಿಳಿಸಿದವರಿಗೆ ಶಿಕ್ಷೆಯಾಗುವುದಾದರೆ ಯಾರು ತಿಳಿಸುತ್ತಾರೆ? 28 ವರ್ಷದ ಸಂಶೋಧಕಿಯನ್ನು ತನ್ನ ಮನಸ್ಸು ತನಗೇ ತಿಳಿಯದವರಂತೆ ಕಾಣುವುದೂ ಗೌರವವೆನಿಸುವುದಿಲ್ಲ. ಇಂಗ್ಲೆಂಡಿನ ಉನ್ನತ ಶಿಕ್ಷಣ ನಿಯಂತ್ರಣ ಸಂಸ್ಥೆಯ ಷರತ್ತು 2025ರ ಆಗಸ್ಟ್ 1ರಿಂದ ಜಾರಿಗೆ ಬಂದಿದ್ದು, ಹಿತಾಸಕ್ತಿ ಸಂಘರ್ಷದಿಂದಲೂ ಅಧಿಕಾರದ ದುರ್ಬಳಕೆಯಿಂದಲೂ ವಿದ್ಯಾರ್ಥಿಗಳನ್ನು ನಿಜವಾಗಿ ಕಾಪಾಡಬಲ್ಲ ಕ್ರಮ ಕೈಗೊಳ್ಳಿ ಎನ್ನುತ್ತದೆಯೇ ಹೊರತು ನಿಷೇಧವೊಂದೇ ದಾರಿ ಎನ್ನುವುದಿಲ್ಲ. ನನಗೆ ಸರಿಯೆನಿಸುವುದು ಈ ಬಗೆಯ ನಿಯಮ.

ಉತ್ತರ: ಒಮ್ಮೆ ಆ ಸ್ಥಾನದಲ್ಲಿದ್ದವಳು

ಉಪನ್ಯಾಸಕರ ಮಾತಿಗೆ ನನ್ನದೊಂದು ಉತ್ತರ. ನನ್ನ ಮನಸ್ಸು ನನಗೆ ಚೆನ್ನಾಗಿ ತಿಳಿದಿತ್ತು. ನನಗೆ ನನ್ನ ಮಾರ್ಗದರ್ಶಕರು ಇಷ್ಟವಾಗಿದ್ದರು, ಯಾರೂ ಬಲವಂತ ಮಾಡಿರಲಿಲ್ಲ. ಮೊದಲ ವರ್ಷ ಯಾವ ತೊಂದರೆಯೂ ಇರಲಿಲ್ಲ.

ತೊಂದರೆ ಕಂಡದ್ದು ಬೇಡವೆನಿಸಿದ ದಿನ. ನನ್ನ ಪ್ರಬಂಧದ ನಾಲ್ಕನೆಯ ಅಧ್ಯಾಯ ಅವರ ಮೇಜಿನ ಮೇಲಿತ್ತು. ಅಧ್ಯಾಯ ಮರಳಿ ಬರಲಿ, ಆಮೇಲೆ ಹೇಳೋಣವೆಂದುಕೊಂಡೆ. ಅದು ಬರುವ ಹೊತ್ತಿಗೆ ಐದನೆಯದನ್ನು ಕೊಡಬೇಕಾಗಿತ್ತು. ಹೀಗೆ ಏಳು ತಿಂಗಳು ಮುಂದೂಡಿದೆ, ಪ್ರತಿ ದಿನ ನಗುತ್ತಲೇ ಇದ್ದೆ. ಅವರು ಕೆಟ್ಟವರಾಗಿರಲಿಲ್ಲ, ನಾನು ಹೇಳಿದ್ದರೆ ಬಹುಶಃ ಸರಿಯಾಗಿಯೇ ನಡೆದುಕೊಳ್ಳುತ್ತಿದ್ದರು. ಆದರೆ ಆ ‘ಬಹುಶಃ’ದ ಮೇಲೆ ನಾಲ್ಕು ವರ್ಷದ ಕೆಲಸವನ್ನು ಪಣಕ್ಕಿಡಲು ನನ್ನಿಂದಾಗಲಿಲ್ಲ. ಕೊನೆಗೆ ಮಾರ್ಗದರ್ಶಕರನ್ನು ಬದಲಾಯಿಸಿಕೊಂಡೆ, ವಿಷಯವನ್ನೇ ಅರ್ಧ ಬದಲಿಸಬೇಕಾಯಿತು, ಒಂದು ವರ್ಷ ಹೋಯಿತು. ಅವರ ತರಗತಿಗಳು ಎಂದಿನಂತೆ ನಡೆದವು.

ಪ್ರಶ್ನೆ ಕೇಳಿದವರಿಗೆ ನನ್ನ ಕೋರಿಕೆಯಿಷ್ಟೆ. ನಿಮ್ಮಿಬ್ಬರ ಕೆಲಸವನ್ನು ಬೇರೆ ಮಾಡಬೇಕಾಗಿ ಬಂದಾಗ ಜಾಗ ಬಿಡಬೇಕಾದವರು ನೀವು. ಸಮಿತಿ ಬಿಡಿ, ಆ ವಿಷಯದ ಜಂಟಿ ಯೋಜನೆಯಿದ್ದರೆ ಅದನ್ನೂ ಬಿಡಿ. ಅವರ ವಿಷಯ, ಮಾರ್ಗದರ್ಶಕರು, ಕುಳಿತುಕೊಳ್ಳುವ ಜಾಗ, ಯಾವುದೂ ಬದಲಾಗಬಾರದು. ಮುಂದೊಂದು ದಿನ ನಿಮ್ಮನ್ನು ಬೇಡವೆಂದರೂ ಪ್ರಬಂಧ ನಿಲ್ಲುವುದಿಲ್ಲವೆಂಬುದನ್ನು ನಿಮ್ಮ ಬಾಯಿಂದಲ್ಲದೆ ಮುಖ್ಯಸ್ಥರಿಂದ ಅವರು ಕೇಳಿ ತಿಳಿಯಲಿ.

ಉತ್ತರ: ಪರೀಕ್ಷಾ ವಿಭಾಗದ ನೌಕರ

ಎಲ್ಲರೂ ಅಧ್ಯಾಪಕರ ಬಗ್ಗೆಯೇ ಬರೆದಿದ್ದೀರಿ. ಹಾಸ್ಟೆಲ್ ಮೇಲ್ವಿಚಾರಕರು, ಆಪ್ತ ಸಮಾಲೋಚಕರು, ಕ್ರೀಡಾ ತರಬೇತುದಾರರು, ಫೆಲೋಶಿಪ್ ಕಡತ ಮುಂದೆ ಕಳುಹಿಸುವ ನಮ್ಮಂತಹವರು, ಇವರ ಕೈಯಲ್ಲೂ ವಿದ್ಯಾರ್ಥಿಗಳ ಪಾಲಿಗೆ ದೊಡ್ಡದಾದ ಅಧಿಕಾರವಿರುತ್ತದೆ. ಒಂದು ಸಹಿ ತಡವಾದರೆ ವಿದ್ಯಾರ್ಥಿವೇತನ ತಿಂಗಳುಗಟ್ಟಲೆ ನಿಲ್ಲುತ್ತದೆ. ನಿಯಮ ನಮಗೂ ಅನ್ವಯಿಸಬೇಕು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಏಳು ತಿಂಗಳು ಮುಂದೂಡಿದೆನೆಂದು ಬರೆದವರ ಉತ್ತರವನ್ನು ನಾವಿಬ್ಬರೂ ಒಟ್ಟಿಗೆ ಕುಳಿತು ಓದಿದೆವು. ಓದಿದ ಮೇಲೆ ಅವರು ಬಹಳ ಹೊತ್ತು ಮಾತಾಡಲಿಲ್ಲ. ನಂತರ, ನಾನು ಕೇಳದೆಯೇ, ನನ್ನನ್ನು ಸಮಿತಿಗೆ ಹಾಕಿದ ದಿನ ತಮಗೆ ಸಂತೋಷಕ್ಕಿಂತ ದಿಗಿಲೇ ಹೆಚ್ಚಾಗಿತ್ತೆಂದು ಹೇಳಿದರು. ಅದು ನನಗೆ ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳಬೇಕೆಂದು ನನಗೆ ತೋಚಿರಲೂ ಇಲ್ಲ.

ನಮ್ಮ ನಿಯಮಾವಳಿಯಲ್ಲಿ ಘೋಷಣೆ ಕಡ್ಡಾಯವೆಂದಿದೆ. ಸೇರಿದ ದಿನ ಸಹಿ ಹಾಕಿದ ಕಾಗದಗಳಲ್ಲಿ ಅದೂ ಒಂದಾಗಿತ್ತು. ಪತ್ರದ ಕರಡನ್ನು ಅವರಿಗೆ ತೋರಿಸಿದೆ, ಅವರು ಎರಡು ಪದ ತೆಗೆಸಿದರು. ಇವತ್ತು ಬೆಳಿಗ್ಗೆ ಮುಖ್ಯಸ್ಥರಿಗೆ ಕೊಟ್ಟು, ಪ್ರಗತಿ ವರದಿಯನ್ನು ಬೇರೆಯವರಿಂದ ಹೊಸದಾಗಿ ಮೌಲ್ಯಮಾಪನ ಮಾಡಿಸಬೇಕೆಂದೂ, ನಾನು ಕೊಟ್ಟ ಅಂಕ ಎಷ್ಟೆಂಬುದನ್ನು ಆ ಪರೀಕ್ಷಕರಿಗೆ ತಿಳಿಸಬಾರದೆಂದೂ ಲಿಖಿತವಾಗಿ ಕೋರಿದ್ದೇನೆ. ತಡವಾಗಿ ತಿಳಿಸಿದ್ದಕ್ಕೆ ವಿವರಣೆ ಕೇಳಿದ್ದಾರೆ. ಅದನ್ನು ಬರೆಯುತ್ತಿದ್ದೇನೆ.