ಸನ್‌ರೂಫ್‌ನಿಂದ ಅಪ್ಪನ ಪಂಚೆ ಮೇಲೆ ನೀರು: ಎರಡು ಸಲ ಸಿಲಿಕೋನ್ ಹಾಕಿಸಿದರೂ ನಿಂತಿಲ್ಲ

ತೋಟದಮನೆ:

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಹತ್ತಿರ ಒಂದು ಹಳ್ಳಿ. ಗಾಡಿ ನಾಲ್ಕು ವರ್ಷದ ಸಣ್ಣ ಎಸ್‌ಯುವಿ, 46 ಸಾವಿರ ಕಿ.ಮೀ. ಓಡಿದೆ. ಸನ್‌ರೂಫ್ ಇರಲೇಬೇಕು ಅಂತ ಹಟ ಹಿಡಿದವಳು ಮಗಳು. ತಂದ ಮೇಲೆ ಅದನ್ನು ಹತ್ತು ಸಲವೂ ತೆರೆದಿಲ್ಲ. ಮಳೆಗಾಲ ಪೂರ್ತಿ ಮಳೆ, ಅದು ಮುಗಿದರೆ ಧೂಳು. ಯಾವಾಗ ತೆರೆಯೋದು ಹೇಳಿ.

ಮೃಗಶಿರ ಮಳೆ ಹಿಡಿದಾಗ ಶುರುವಾಯಿತು. ಮೊದಲು ಮುಗ್ಗಲು ವಾಸನೆ. ಒದ್ದೆ ಕೊಡೆ ಇಟ್ಟು ಮರೆತಿರಬೇಕು ಅಂದುಕೊಂಡೆ. ಒಂದು ವಾರದ ಮೇಲೆ ಎಡಗಡೆ ಮುಂದಿನ ಸೀಟಿನ ಮ್ಯಾಟ್ ಎತ್ತಿದರೆ ಕೆಳಗಿನ ಕಾರ್ಪೆಟ್ ಪಚಪಚ. ಬಟ್ಟೆ ಒತ್ತಿ ಹಿಂಡಿದೆ, ಮಾರನೇ ದಿನ ಮತ್ತೆ ಅಷ್ಟೇ ನೀರು.

ಆಮೇಲೆ ಅಪ್ಪನಿಗೆ ಕಣ್ಣು ತೋರಿಸಲು ಉಡುಪಿಗೆ ಹೊರಟೆವು. ರಾತ್ರಿಯಿಡೀ ಹೊಡೆದ ಮಳೆ ಬೆಳಿಗ್ಗೆ ಬಿಟ್ಟಿತ್ತು. ಆಗುಂಬೆ ಘಾಟಿಯ ಮೂರನೆಯದೋ ನಾಲ್ಕನೆಯದೋ ತಿರುವಿನಲ್ಲಿ ಎದುರಿಗೆ ಬಸ್ ಬಂತು, ಬ್ರೇಕ್ ಒತ್ತಿದೆ. ಕನ್ನಡಿ ಮೇಲಿನ ದೀಪದ ಸಂದಿಯಿಂದ ಅರ್ಧ ಲೋಟ ನೀರು ಸುರ್ರಂತ ಅಪ್ಪನ ಪಂಚೆ ಮೇಲೆ ಬಿತ್ತು. ಹೊರಗೆ ಒಂದು ಹನಿ ಮಳೆ ಇಲ್ಲ! ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಕಾಶ ನೋಡಲಿಕ್ಕೆ ದುಡ್ಡು ಕೊಟ್ಟೆ, ಈಗ ಆಕಾಶವೇ ಒಳಗೆ ಬಂತಲ್ಲ" ಅಂದರು.

ಸರ್ವೀಸ್‌ಗೆ ಬಿಟ್ಟೆ. (ಯಾವ ಕಂಪನಿ, ಯಾವ ಶೋರೂಮ್ ಅಂತ ಕೇಳಬೇಡಿ. ಸಣ್ಣ ಊರು, ನಾಳೆ ಮುಖ ನೋಡಬೇಕು.) ಗ್ಲಾಸಿನ ಸುತ್ತ ಸಿಲಿಕೋನ್ ಹಾಕಿ 1,800 ರೂಪಾಯಿ ತೆಗೆದುಕೊಂಡರು. ನಾಲ್ಕೇ ದಿನ ನಿಂತದ್ದು. ಮತ್ತೆ ಹೋದರೆ ಇನ್ನೊಂದು ಪದರ ಮೆತ್ತಿ 1,200. ಈಗಲೂ ಸೋರುತ್ತಿದೆ. ಇಡೀ ಸನ್‌ರೂಫ್ ಬದಲಿಸಬೇಕು ಅನ್ನುತ್ತಿದ್ದಾರೆ, ಅವರು ಹೇಳಿದ ಮೊತ್ತಕ್ಕೆ ಒಂದು ಹಳೇ ಸ್ಕೂಟರ್ ಬರುತ್ತದೆ.

ಇನ್ನೊಂದು ವಿಷಯ. ನಮ್ಮ ಅಂಗಳ ಇಳಿಜಾರು. ಗಾಡಿ ಮೂತಿ ಕೆಳಗಾಗಿ ನಿಲ್ಲುತ್ತದೆ, ಹೊಂಗೆ ಮರದಡಿ. ಇದಕ್ಕೂ ಸೋರಿಕೆಗೂ ಸಂಬಂಧ ಇದೆಯಾ? ಬಲ್ಲವರು ಹೇಳಿ.

ರಾಜಾಜಿನಗರ ರೈಡರ್:

ಗುರು, ಲೋಕಲ್ ಸಿಲಿಕೋನ್ ಹಾಕಿರ್ತಾರೆ. ಒಳ್ಳೇ ಕಂಪನಿಯ ಕಪ್ಪು ಸೀಲಂಟ್ ತಂದು ನೀವೇ ದಪ್ಪಗೆ ಹಾಕಿ. ಹೇಗೂ ತೆರೆಯೋದಿಲ್ವಲ್ಲ, ಪರ್ಮನೆಂಟಾಗಿ ಮುಚ್ಚಿಬಿಡಿ. ನನ್ನ ಕಸಿನ್ ಹಾಗೇ ಮಾಡಿದ್ದಾನೆ.

ಸ್ಪ್ಯಾನರ್ ಅಣ್ಣ:

ದಯವಿಟ್ಟು ಹಾಗೆ ಮಾಡಬೇಡಿ. ಶಿವಮೊಗ್ಗದಲ್ಲಿ 18 ವರ್ಷದಿಂದ ಗ್ಯಾರೇಜ್ ಇಟ್ಟಿದ್ದೇನೆ. ಪ್ರತಿ ಜೂನ್‌ನಲ್ಲಿ ಇಂಥವು ನಾಲ್ಕಾರು ಗಾಡಿ ಬರುತ್ತವೆ, ಹೆಚ್ಚಿನವು ಸಿಲಿಕೋನ್ ಮೆತ್ತಿಸಿಕೊಂಡೇ ಬಂದಿರುತ್ತವೆ.

ತೋಟದಮನೆಯವರೇ, ಸನ್‌ರೂಫ್ ಒಳಗೆ ನೀರು ಬರುವುದು ತಪ್ಪೇ ಅಲ್ಲ. ಬಂದೇ ಬರುತ್ತದೆ. ಗ್ಲಾಸಿನ ಸುತ್ತ ಇರುವ ರಬ್ಬರ್ ದೊಡ್ಡ ಮಳೆಯನ್ನು ತಡೆಯುತ್ತದೆ ಅಷ್ಟೇ, ಪೂರ್ತಿ ತಡೆಯುವ ಲೆಕ್ಕದಲ್ಲಿ ಅದನ್ನು ಮಾಡಿಲ್ಲ. ರಬ್ಬರ್ ದಾಟಿ ಬಂದ ನೀರಿಗೆ ಅಂತಲೇ ಕೆಳಗೆ ಸುತ್ತ ಒಂದು ಟ್ರೇ ಇರುತ್ತದೆ. ನಿಮ್ಮ ಕಡೆ ಹಂಚಿನ ಮನೆ ಸೂರಿನ ಕೆಳಗೆ ಅಡಿಕೆ ದಂಬೆ ಕಟ್ಟುತ್ತೀರಲ್ಲ, ಅದೇ ಕೆಲಸ. ಟ್ರೇಯ ಮೂಲೆಗಳಿಂದ ಸಣ್ಣ ಪೈಪುಗಳು ಇಳಿಯುತ್ತವೆ, ಸಾಮಾನ್ಯವಾಗಿ ನಾಲ್ಕು. ಮುಂದಿನ ಎರಡು, ವಿಂಡ್‌ಶೀಲ್ಡ್ ಪಕ್ಕದ ಪಿಲ್ಲರ್ ಒಳಗೆ ಇಳಿದು ಬಾಗಿಲ ಕೀಲಿನ ಹತ್ತಿರವೋ ಫೆಂಡರ್ ಒಳಗೋ ನೀರು ಬಿಡುತ್ತವೆ. ಹಿಂದಿನ ಎರಡು, ಹಿಂದಿನ ಪಿಲ್ಲರ್‌ನಲ್ಲಿ ಇಳಿದು ಚಕ್ರದ ಕಡೆಗೋ ಬಂಪರ್ ಹಿಂದೆಯೋ ಹೋಗುತ್ತವೆ. ಪೈಪ್ ಕಟ್ಟಿದರೆ ಟ್ರೇ ತುಂಬುತ್ತದೆ, ತುಂಬಿದ್ದು ರೂಫ್ ಲೈನಿಂಗ್‌ಗೆ, ಅಂದರೆ ಚಾವಣಿಯ ಒಳಗಿನ ಹೊದಿಕೆಗೆ, ಚೆಲ್ಲುತ್ತದೆ.

ಬ್ರೇಕ್ ಒತ್ತಿದಾಗ ನೀರು ಸುರಿಯಿತು ಅಂದಿರಲ್ಲ, ನನಗೆ ಅಷ್ಟೇ ಸಾಕು. ಮಳೆ ನಿಂತಿದೆ, ಆದರೂ ನೀರು ಬಂತು. ಅಂದರೆ ರಾತ್ರಿ ನೀರು ಟ್ರೇಯಲ್ಲೇ ನಿಂತಿತ್ತು. ಘಾಟಿ ಇಳಿಜಾರು ಬೇರೆ, ಬ್ರೇಕ್ ಬೇರೆ, ಎಲ್ಲಾ ಒಟ್ಟಿಗೆ ಮುಂದಕ್ಕೆ ನುಗ್ಗಿ ದೀಪದ ತೂತಿನಲ್ಲಿ ಇಳಿಯಿತು. ರಬ್ಬರ್ ಹೊಸದು ಹಾಕಿದರೂ ಇದು ನಿಲ್ಲೋದಿಲ್ಲ.

ಅಂಗಳದ ಪ್ರಶ್ನೆಗೆ: ಸಂಬಂಧ ಇದೆ. ಮೂತಿ ಕೆಳಗಿದ್ದರೆ ಹಿಂದಿನ ಎರಡು ಪೈಪಿಗೆ ಕೆಲಸವೇ ಇಲ್ಲ, ಮುಂದಿನ ಎರಡೇ ಎಲ್ಲಾ ನೀರು ಸಾಗಿಸಬೇಕು. ಆ ಎರಡರಲ್ಲಿ ಒಂದು ಕಟ್ಟಿದ್ದರೂ ನಿಮ್ಮಂಥ ಮಳೆಗೆ ಸಾಲದು. ಹೊಂಗೆ ಮರ ಇನ್ನೂ ಚೆನ್ನಾಯಿತು. ಬೇಸಿಗೆಯಲ್ಲಿ ಅದರ ಹೂವು ಅಕ್ಕಿ ಚೆಲ್ಲಿದ ಹಾಗೆ ಉದುರುತ್ತದೆ. ಧೂಳಿನ ಜೊತೆ ಟ್ರೇಯಲ್ಲಿ ಕೂತು, ಮೊದಲ ಮಳೆಗೆ ಕಲಸಿದ ಹಿಟ್ಟಿನ ಹಾಗಾಗುತ್ತದೆ.

ಈಗ ಏನು ಮಾಡಬೇಕು ಅಂದರೆ, ಮೊದಲು ಸ್ವಿಚ್ ಒತ್ತಬೇಡಿ! ಸಿಲಿಕೋನ್ ಗ್ಲಾಸನ್ನು ಹಿಡಿದುಕೊಂಡಿರುತ್ತದೆ. ಮೋಟರ್ ಎಳೆದರೆ ಒಳಗಿನ ಕೇಬಲ್ ಹಾಳಾಗುತ್ತದೆ, ಆಮೇಲೆ ನಿಜವಾಗಿಯೂ ಸನ್‌ರೂಫ್ ಬದಲಿಸಬೇಕಾಗುತ್ತದೆ. ಹಳೆಯ ಎಟಿಎಂ ಕಾರ್ಡ್ ತೂರಿಸಿ ಸುತ್ತ ಸಿಲಿಕೋನ್ ಬಿಡಿಸಿ. ಚಾಕು, ಬ್ಲೇಡ್ ಬೇಡ, ರಬ್ಬರ್ ಕೊಯ್ದುಹೋಗುತ್ತದೆ. ಬಿಟ್ಟಿತು ಅಂತ ಖಾತ್ರಿಯಾದ ಮೇಲೆ ತೆರೆಯಿರಿ. ಮುಂದಿನ ಮೂಲೆಯಲ್ಲಿ ತೂತು ಕಾಣುತ್ತದೆ. ಒಂದು ಲೋಟ ನೀರು ನಿಧಾನ ಹಾಕಿ. ಕೆಳಗೆ ಒಬ್ಬರು ಬಗ್ಗಿ ನೋಡಲಿ. ಹತ್ತು ಹದಿನೈದು ಸೆಕೆಂಡಿನಲ್ಲಿ ನೆಲಕ್ಕೆ ಧಾರೆ ಬಿದ್ದರೆ ಆ ಪೈಪ್ ಸರಿ ಇದೆ. ನೀರು ಟ್ರೇಯಲ್ಲೇ ಏರಿದರೆ ತಕ್ಷಣ ನಿಲ್ಲಿಸಿ.

ಕಟ್ಟಿದ್ದನ್ನು ಬಿಡಿಸಲು ಕಬ್ಬಿಣದ ತಂತಿ ಬೇಡ, ಪೈಪ್ ತೂತಾಗುತ್ತದೆ. ಪಂಕ್ಚರ್ ಅಂಗಡಿಯ ಗಾಳಿಯಂತೂ ಬೇಡವೇ ಬೇಡ. ಜೋರು ಗಾಳಿಗೆ ಪೈಪ್ ಟ್ರೇಯ ಮೂತಿಯಿಂದ ಕಳಚುತ್ತದೆ, ಮತ್ತೆ ಸೇರಿಸಬೇಕು ಅಂದರೆ ರೂಫ್ ಲೈನಿಂಗ್ ಇಳಿಸಬೇಕು. ತೋಟದವರು ನೀವು, ಹುಲ್ಲು ಹೊಡೆಯುವ ಮಷಿನ್ನಿನ ನೈಲಾನ್ ದಾರ ಮನೆಯಲ್ಲೇ ಇರುತ್ತದೆ ಅಲ್ವಾ? ಅದಕ್ಕಿಂತ ಒಳ್ಳೆಯ ಸಾಮಾನು ನನ್ನ ಗ್ಯಾರೇಜಿನಲ್ಲೂ ಇಲ್ಲ. ತಿರುಗಿಸುತ್ತಾ ನಿಧಾನ ಬಿಡಿ, ದೂಡಬೇಡಿ.

ಕುವೆಂಪುನಗರ:

ಅಣ್ಣ ಹೇಳಿದ್ದು ಸರಿ. ಆದರೆ ಎಡಗಡೆ ಸೀಟಿನ ಕಾಲಡಿ ಒದ್ದೆ ಅಂದ ತಕ್ಷಣ ಸನ್‌ರೂಫ್ ಅಂತ ತೀರ್ಮಾನಿಸಬೇಡಿ. ನಾನು ಹಾಗೆ ಮೋಸ ಹೋದವಳು. ನಮ್ಮ ಗಾಡಿಯಲ್ಲಿ ಎಸಿ ನೀರು ಹೊರಗೆ ಬಿಡುವ ಪೈಪ್ ಕಟ್ಟಿತ್ತು. ಮಳೆ ಇಲ್ಲದ ಏಪ್ರಿಲ್‌ನಲ್ಲೂ ಕಾರ್ಪೆಟ್ ಒದ್ದೆ ಆದಾಗಲೇ ನನಗೆ ಹೊಳೆದದ್ದು. ಎಸಿ ಹಾಕಿ ಅರ್ಧ ಗಂಟೆ ನಿಲ್ಲಿಸಿದ ಗಾಡಿಯ ಕೆಳಗೆ ನೀರು ತೊಟ್ಟಿಕ್ಕಬೇಕು. ತೊಟ್ಟಿಕ್ಕದಿದ್ದರೆ ಅದನ್ನೂ ನೋಡಿಸಿ. ವೈಪರ್ ಕೆಳಗಿನ ಜಾಲರಿಯಲ್ಲಿ ಎಲೆ ತುಂಬಿದರೂ ನೀರು ಒಳಗೆ ಬರುತ್ತದಂತೆ, ನಮ್ಮ ಮೆಕ್ಯಾನಿಕ್ ಹೇಳಿದ್ದು.

ಸ್ಪ್ಯಾನರ್ ಅಣ್ಣ:

ಸರಿ ಮೇಡಂ, ಒಳ್ಳೆಯ ಮಾತು. ಇವರದ್ದು ದೀಪದಿಂದ ಸುರಿದಿದ್ದರಿಂದ ನಾನು ಧೈರ್ಯವಾಗಿ ಹೇಳಿದೆ. ಕಾಲಡಿ ಮಾತ್ರ ಒದ್ದೆ ಇದ್ದಿದ್ದರೆ ನಾನೂ ಮೊದಲು ಎಸಿ ಪೈಪೇ ನೋಡುತ್ತಿದ್ದೆ.

ರಾಜಾಜಿನಗರ ರೈಡರ್:

ಸರಿ ಸರಿ, ನನ್ನ ಐಡಿಯಾ ವಾಪಸ್. ಕಸಿನ್‌ಗೆ ಫೋನ್ ಮಾಡಿ ಮ್ಯಾಟ್ ಎತ್ತಿ ನೋಡೋಕೆ ಹೇಳ್ತೀನಿ.

ತೋಟದಮನೆ:

ನಿನ್ನೆ ಮಧ್ಯಾಹ್ನ ಎರಡು ಗಂಟೆ ಹೊಳವಾಗಿತ್ತು, ಕೆಲಸಕ್ಕೆ ಇಳಿದೆ.

ಸಿಲಿಕೋನ್ ಬಿಡಿಸಲಿಕ್ಕೇ ಒಂದು ಗಂಟೆ ಬೇಕಾಯಿತು. ಮೂರು ಸಾವಿರ ರೂಪಾಯಿಯ ಸಿಲಿಕೋನ್ ಒಂದು ಮುಷ್ಟಿ ಆಯಿತು. ಗ್ಲಾಸ್ ತೆರೆದರೆ ಟ್ರೇಯಲ್ಲಿ ಹೊಂಗೆ ಹೂವು ಕಪ್ಪಗೆ ಕೊಳೆತು ಗೊಬ್ಬರ ಆಗಿದೆ. ಅದರಲ್ಲಿ ಒಂದು ಹೊಂಗೆ ಕಾಯಿ ಸಿಪ್ಪೆ, ಎರಡು ಸತ್ತ ಕಣಜ. ಹಳೆಯ ಬ್ರಷ್ಷಿನಿಂದ ಬಾಚಿ ಬಾಚಿ ತೆಗೆದೆ.

ಬಲಗಡೆ ತೂತಿಗೆ ಲೋಟದ ನೀರು ಹಾಕಿದೆ. ಕೆಳಗೆ ಬಗ್ಗಿದ್ದ ಮಗಳು "ಬಂತು ಬಂತು" ಅಂತ ಕೂಗಿದಳು. ಎಡಗಡೆ ಹಾಕಿದೆ. ಅವಳೂ ಸುಮ್ಮನೆ, ನಾನೂ ಸುಮ್ಮನೆ. ನೀರು ಅಲ್ಲೇ ನನ್ನ ಮುಖ ನೋಡುತ್ತಾ ನಿಂತಿತು. ಸ್ಪಂಜಿನಲ್ಲಿ ಹೀರಿ ತೆಗೆದು ನೈಲಾನ್ ದಾರ ಬಿಟ್ಟೆ. ಒಂದು ಮೊಳ ಹೋಗಿ ನಿಂತಿತು. ತಿರುಗಿಸಿ ತಿರುಗಿಸಿ ಎಳೆದರೆ ತುದಿಯಲ್ಲಿ ಕಪ್ಪು ಲೇಹದ ಥರ ಏನೋ. ಐದಾರು ಸಲ ಹಾಗೆ ಮಾಡಿದ ಮೇಲೆ ನೀರು ಹೋಗತೊಡಗಿತು, ಆದರೆ ಬಲಗಡೆಯ ಹಾಗಲ್ಲ. ಗಿಂಡಿಯಿಂದ ತೀರ್ಥ ಬಿಟ್ಟ ಹಾಗೆ, ಹನಿ ಹನಿ. ದಾರ ಮಾತ್ರ ಪ್ರತಿಸಲ ಅದೇ ಮೊಳಕ್ಕೆ ನಿಲ್ಲುತ್ತದೆ. ಅಣ್ಣಾ, ಮುಂದೇನು? ಪಿಲ್ಲರ್ ಕವರ್ ಬಿಚ್ಚಿ ನೋಡಲಾ?

ಸ್ಪ್ಯಾನರ್ ಅಣ್ಣ:

ಬೇಡ ಬೇಡ. ಕರ್ಟನ್ ಏರ್‌ಬ್ಯಾಗ್ (ಡಿಕ್ಕಿಯಾದಾಗ ಕಿಟಕಿಗೆ ಅಡ್ಡವಾಗಿ ಉಬ್ಬುವುದು) ಇರುವ ಗಾಡಿಯಾದರೆ ಅದರ ಒಂದು ತುದಿ ಆ ಕವರ್ ಹಿಂದೆಯೇ ಇರುತ್ತದೆ. ಬ್ಯಾಟರಿ ಕಳಚಿ, ಸ್ವಲ್ಪ ಹೊತ್ತು ಬಿಟ್ಟು, ಗೊತ್ತಿರುವವರೇ ಬಿಚ್ಚಬೇಕು. ಗಾಡಿ ತನ್ನಿ.

ಒಂದು ಪ್ರಶ್ನೆ. ದಾರ ಪ್ರತಿಸಲ ಒಂದೇ ಕಡೆ ನಿಲ್ಲುವುದು ಕಸ ಅಲ್ಲ. ಕಸ ಆದರೆ ಸ್ವಲ್ಪವಾದರೂ ಜರುಗುತ್ತದೆ. ಈ ಒಂದು ವರ್ಷದಲ್ಲಿ ಆ ಪಿಲ್ಲರ್ ಕವರ್ ಯಾರಾದರೂ ಬಿಚ್ಚಿದ್ದರಾ? ವಿಂಡ್‌ಶೀಲ್ಡ್ ಬದಲಾಯಿಸಿದ್ದು, ಡ್ಯಾಶ್‌ಕ್ಯಾಮ್ ಹಾಕಿಸಿದ್ದು, ಅಂಥದ್ದೇನಾದರೂ?

ತೋಟದಮನೆ:

ಡ್ಯಾಶ್‌ಕ್ಯಾಮ್. ದೀಪಾವಳಿಗೆ ಹಾಕಿಸಿದ್ದು. ವೈರು ಎಡಗಡೆ ಪಿಲ್ಲರ್ ಒಳಗೇ ಹೋಗಿದೆ. ಶನಿವಾರ ಬರುತ್ತೇನೆ.

ತೋಟದಮನೆ:

ಶನಿವಾರ ಹೋಗಿ ಬಂದೆ. ಇಲ್ಲಿ ಇಷ್ಟು ಜನ ಓದಿದ್ದೀರಿ, ಕತೆ ಪೂರ್ತಿ ಹೇಳಬೇಕಲ್ಲ.

ಅಣ್ಣ ಕವರ್ ಬಿಚ್ಚಿ ಟಾರ್ಚ್ ಬಿಟ್ಟು, ಏನೂ ಹೇಳದೆ ನನ್ನನ್ನು ಕರೆದರು. ಡ್ಯಾಶ್‌ಕ್ಯಾಮ್ ವೈರು ಅಲುಗಾಡಿ ಸದ್ದು ಮಾಡಬಾರದು ಅಂತ, ಹಾಕಿದ ಹುಡುಗ ಅದನ್ನು ಡ್ರೈನ್ ಪೈಪಿಗೇ ಪ್ಲಾಸ್ಟಿಕ್ ಟೈ ಹಾಕಿ ಬಿಗಿದಿದ್ದಾನೆ. ಮೆತ್ತಗಿನ ಪೈಪು, ಕತ್ತು ಹಿಸುಕಿದ ಹಾಗೆ ಒಳಗೆ ಹೋಗಿತ್ತು. ದೀಪಾವಳಿ ಹೊತ್ತಿಗೆ ಮಳೆ ಮುಗಿದಿತ್ತು, ಗೊತ್ತಾಗಲಿಲ್ಲ. ಏಪ್ರಿಲ್‌ನಲ್ಲಿ ಹೂವು ಬಿತ್ತು, ಜೂನ್‌ನಲ್ಲಿ ಆ ಇಕ್ಕಟ್ಟಿನಲ್ಲಿ ಬಂದು ಕೂತಿತು. ಮೂರು ವರ್ಷ ಅದೇ ಮರದಡಿ ನಿಂತ ಗಾಡಿ ಈ ವರ್ಷ ಯಾಕೆ ಸೋರಿತು ಅಂತ ತಲೆ ಕೆಡಿಸಿಕೊಂಡಿದ್ದೆ. ಸುಮ್ನೆ ಮರವನ್ನು ಬೈದೆ. ಕಡಿಸೋಣ ಅಂತಲೂ ಹೊರಟಿದ್ದೆ, ಅಮ್ಮ ಬಿಡಲಿಲ್ಲ.

ಟೈ ಕತ್ತರಿಸಿದರು. ಪೈಪ್ ತಾನೇ ಪೂರ್ತಿ ಉಬ್ಬಲಿಲ್ಲ, ಬಿಸಿಗಾಳಿ ಹಿಡಿದು ಸರಿ ಮಾಡಿದರು. ಪೈಪಿನ ಕೆಳತುದಿಯ ರಬ್ಬರ್ ಮೂತಿಯಲ್ಲೂ ಕೆಸರು ಗಟ್ಟಿಯಾಗಿತ್ತು, ಬೆರಳಲ್ಲಿ ಹಿಚುಕಿ ಬಿಡಿಸಿದರು. ಈ ಸಲ ಒಂದು ಲೋಟ ಅಲ್ಲ, ಒಂದು ಚೊಂಬು ನೀರು ಹಾಕಿದೆವು. ಹಾಕಿದಷ್ಟೂ ಹೊರಗೆ ಹೋಯಿತು. ನೋಡುತ್ತಾ ನಿಂತರೆ ಏನೋ ಸಮಾಧಾನ. ಅಣ್ಣ ತೆಗೆದುಕೊಂಡದ್ದು 600 ರೂಪಾಯಿ.

ಆಮೇಲೆ ಕಾರ್ಪೆಟ್. ಮೇಲಿಂದ ಒಣಗಿದ ಹಾಗೆ ಕಂಡರೂ ಅಡಿಯಲ್ಲಿ ಎರಡು ಬೆರಳು ದಪ್ಪದ ಫೋಮ್ ಇದೆ, ನೀರೆಲ್ಲಾ ಕುಡಿದು ಕೂತಿತ್ತು. ಅದರ ಪಕ್ಕದಲ್ಲೇ ವೈರಿಂಗ್ ಹೋಗುತ್ತದೆ, ಹಾಗೇ ಬಿಟ್ಟರೆ ಕನೆಕ್ಟರಿಗೆ ತುಕ್ಕು ಹಿಡಿಯುತ್ತದೆ, ಫೋಮ್ ಒಣಗದೆ ಹಾಕಲೇಬೇಡಿ ಅಂದರು. ಸೀಟು ಬಿಚ್ಚಿ ಫೋಮ್ ತುಂಡು ಕೈಗೆ ಕೊಟ್ಟರು. ಆರಿದ್ರಾ ಮಳೆಯಲ್ಲಿ ಅದನ್ನು ಎಲ್ಲಿ ಒಣಗಿಸೋದು? ಮನೆಗೆ ತಂದು ಹಿಂಡಿದರೆ ಮುಕ್ಕಾಲು ಬಕೆಟ್ ನೀರು. ಬಚ್ಚಲು ಒಲೆಯ ಮೇಲೆ ಬಟ್ಟೆ ಒಣಗಿಸುವ ಗಳುವಿಗೆ ನೇತುಹಾಕಿದೆವು, ಬೆಂಕಿಯಿಂದ ಸಾಕಷ್ಟು ಮೇಲೆ. ಒಂದು ವಾರ ಎಲ್ಲರೂ ಅದರ ಕೆಳಗೇ ಸ್ನಾನ ಮಾಡಿದ್ದು. ಅಷ್ಟು ದಿನ ಗಾಡಿಗೆ ಎಡಗಡೆ ಸೀಟಿಲ್ಲ, ಅಪ್ಪ ಹಿಂದೆ ಕೂತರು.

ಮುಗ್ಗಲು ವಾಸನೆ ಹೋಯಿತು. ಈಗ ಗಾಡಿ ಬಾಗಿಲು ತೆಗೆದರೆ ಬಚ್ಚಲು ಮನೆ ಹೊಗೆ ವಾಸನೆ. ಅಪ್ಪನಿಗೆ ಅದೇ ಇಷ್ಟವಂತೆ.

ಕುವೆಂಪುನಗರ:

ಓದಿ ನಗು ಬಂತು, ಒಳ್ಳೆಯದಾಯಿತು. ಒಂದು ಡೌಟು, ಆ ನೈಲಾನ್ ದಾರ ಎಷ್ಟು ದಪ್ಪದ್ದು? ನಮ್ಮ ಮನೆಯಲ್ಲಿ ಆ ಮಷಿನ್ ಇಲ್ಲ, ಅಂಗಡಿಯಲ್ಲಿ ಕೇಳಬೇಕು.

ತೋಟದಮನೆ:

ನಾನು ಹಾಕಿದ್ದು 2.4 ಎಂಎಂ, ಗುಂಡಗಿನದು. ಚೌಕದ್ದು, ನಕ್ಷತ್ರದ ಥರದ್ದೂ ಸಿಗುತ್ತದೆ, ಅವು ಬೇಡ, ಅಂಚು ಚೂಪು. ಎರಡು ಮೀಟರ್ ತೆಗೆದುಕೊಳ್ಳಿ ಮೇಡಂ. ತುದಿಯನ್ನು ದೀಪಕ್ಕೆ ಸ್ವಲ್ಪ ಹಿಡಿದು ಉರುಟಾಗಿ ಮಾಡಿಕೊಳ್ಳಿ, ಆಗ ಪೈಪಿಗೆ ಚುಚ್ಚುವುದಿಲ್ಲ.