ಸಹಾಯ ಬೇಕು: ಗುರುಗಳು ಬೇಡ ಅಂದ ಮೇಲೂ ಮತ್ತೆ ಕೇಳಬಹುದಾ?

ಎಲ್ಲರಿಗೂ ನಮಸ್ಕಾರ. ನಮ್ಮ ಕ್ಯಾಥೋಲಿಕ್ ಧರ್ಮಕೇಂದ್ರದಲ್ಲಿ (ಪ್ಯಾರಿಷ್) ಮನೆಮನೆಗೆ ಹೋಗಿ ಜಪಸರ (ರೋಸರಿ) ಪ್ರಾರ್ಥನೆ ಮಾಡುವ ಸಣ್ಣ ಗುಂಪನ್ನು ನಾನು ನೋಡ್ಕೊಳ್ತೀನಿ. ಹೊಸದಾಗಿ ಬಂದ ಗುರುಗಳು (ಪಾದ್ರಿ), ಇನ್ಮೇಲೆ ಮನೆಗಳಲ್ಲಿ ಬೇಡ, ದೇವಾಲಯದಲ್ಲೇ (ಚರ್ಚ್‌ನಲ್ಲೇ) ಆಗ್ಲಿ ಅಂದ್ರು. ನಿಲ್ಲಿಸಿದ್ವಿ. ಆದರೆ ಹಾಸಿಗೆ ಹಿಡಿದ ಅಜ್ಜಿಯೊಬ್ಬರಿದ್ದಾರೆ. ನಾವು ಹೋಗೋಷ್ಟರಲ್ಲಿ ದಿಂಬಿನ ಕೆಳಗಿಂದ ಜಪಸರ ತೆಗೆದು ಬೆರಳಿಗೆ ಸುತ್ಕೊಂಡು ಕಾಯ್ತಿರ್ತಿದ್ರು. ಅವರು ದೇವಾಲಯಕ್ಕೆ ಹೇಗೆ ಬರ್ತಾರೆ? ಗುರುಗಳಿಗೆ ಇದನ್ನ ವಿನಯದಿಂದಲೇ ಹೇಳಿದೆ. ಪೂರ್ತಿ ಕೇಳಿಸ್ಕೊಂಡ್ರು, ಆದ್ರೂ ಬೇಡ ಅಂದ್ರು.

ಹಿರಿಯರನ್ನ ಕೇಳಿದ್ರೆ, ಕ್ರಿಸ್ತ ಶಿಲುಬೆಯ ಮರಣದವರೆಗೂ ವಿಧೇಯನಾಗಿದ್ದ (ಫಿಲಿಪ್ಪಿಯರಿಗೆ 2:8), ನೀನೂ ಸುಮ್ಮನಿರು ಅಂತಾರೆ. 6ನೇ ಶತಮಾನದ ಸಂತ ಬೆನೆಡಿಕ್ಟರ ನಿಯಮಾವಳಿ ತೆಗೆದು ನೋಡಿದೆ. ಕೈಲಾಗದ ಕೆಲಸ ಹೇಳಿದರೆ ಸಮಯ ನೋಡಿ, ಹಟವಿಲ್ಲದೆ ಕಾರಣ ತಿಳಿಸು. ಮಠಾಧಿಪತಿ ಮಾತು ಬದಲಿಸದಿದ್ದರೆ ದೇವರ ಮೇಲೆ ಭಾರ ಹಾಕಿ ಪಾಲಿಸು ಅಂತ 68ನೇ ಅಧ್ಯಾಯದಲ್ಲಿದೆ. ಮನಸ್ಸಿಗೆ ತುಂಬಾ ಹಿಡಿಸ್ತು. ಆದರೆ ಅದು ಮಠ ಸೇರಿದ ಸನ್ಯಾಸಿಗಳಿಗೆ ಬರೆದದ್ದು. 1983ರ ಧರ್ಮಸಭೆಯ ಕಾನೂನು 212ರಲ್ಲಿ, ಗೌರವ ಬಿಡದೆ ಅಭಿಪ್ರಾಯ ತಿಳಿಸೋದು ಶ್ರೀಸಾಮಾನ್ಯರ ಹಕ್ಕು, ಕೆಲವೊಮ್ಮೆ ಕರ್ತವ್ಯ ಕೂಡ ಅಂತಿದೆ.

ನಾನು ಸಿಕ್ಕಿಹಾಕ್ಕೊಂಡಿರೋದು ಇಲ್ಲೇ. ನನಗೆ ಜಗಳ ಬೇಡ, ಗುರುಗಳ ಮೇಲೆ ಗೌರವವಿದೆ. ಅಜ್ಜಿಯ ಪ್ರಾರ್ಥನೆ ನಿಂತಿರೋದನ್ನೂ ಸಹಿಸೋಕಾಗ್ತಿಲ್ಲ. ಇಲ್ಲಿ ಗುರುಗಳು, ಸಿಸ್ಟರ್‌ಗಳು ಇದ್ದರೆ ದಯವಿಟ್ಟು ತಿಳಿಸಿ: ನಮ್ಮ ಗುರುಗಳು ಬೇಡ ಅಂದ ಮೇಲೂ ಪ್ಯಾರಿಷ್ ಕೌನ್ಸಿಲ್‌ನಲ್ಲಿ (ಧರ್ಮಕೇಂದ್ರದ ಸಲಹಾ ಸಮಿತಿಯಲ್ಲಿ) ಈ ಒಬ್ಬರಿಗಾಗಿ ಮತ್ತೆ ವಿಷಯ ಎತ್ತಿದರೆ ಅದು ಅವಿಧೇಯತೆ ಆಗುತ್ತಾ?