ಎಕ್ಸೆಲ್‌ನಲ್ಲಿ ಝಡ್ 4.85, ಆರ್‌ನಲ್ಲಿ ಟಿ 1.86: ಒಂದೇ ಡೇಟಾಗೆ ಇಷ್ಟು ಫರಕು ಯಾಕೆ?

ಇಂಡಿ ಲಿಂಬೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ವಿಜಯಪುರ ಜಿಲ್ಲೆಯವಳು, ತೋಟಗಾರಿಕೆಯಲ್ಲಿ ಎಂಎಸ್ಸಿ ಮಾಡುತ್ತಿದ್ದೇನೆ. ಇಂಡಿ ಕಡೆಯ ಲಿಂಬೆ ತೋಟಗಳಲ್ಲಿ ಡ್ರಿಪ್ ಹಾಕಿದ ಗಿಡದ ಹಣ್ಣಿಗೂ, ಪಾತಿ ಕಟ್ಟಿ ನೀರು ಹಾಯಿಸಿದ ಗಿಡದ ಹಣ್ಣಿಗೂ ತೂಕದಲ್ಲಿ ಫರಕು ಇದೆಯಾ ಅಂತ ನೋಡಬೇಕು. ಎರಡೂ ಕಡೆ 60 ಹಣ್ಣು ತೂಗಿದ್ದೇನೆ. ಡ್ರಿಪ್ ಹಣ್ಣಿನ ಸರಾಸರಿ 48.2 ಗ್ರಾಂ, ಸ್ಟ್ಯಾಂಡರ್ಡ್ ಡೀವಿಯೇಷನ್ (ತೂಕದ ಏರುಪೇರಿನ ಅಳತೆ) 6.1. ಪಾತಿ ಹಣ್ಣಿನ ಸರಾಸರಿ 45.9 ಗ್ರಾಂ, ಡೀವಿಯೇಷನ್ 7.4.

ಸ್ಯಾಂಪಲ್ 30ಕ್ಕಿಂತ ಜಾಸ್ತಿ ಇದೆ, ಹಾಗಾಗಿ ಎರಡು ಸರಾಸರಿ ಹೋಲಿಸೋಕೆ ಝಡ್ ಟೆಸ್ಟ್ ಮಾಡು ಅಂತ ಹೇಳಿದ್ದಾರೆ. ಎಕ್ಸೆಲ್‌ನ ಡೇಟಾ ಅನಾಲಿಸಿಸ್‌ನಲ್ಲಿ ಎರಡು ಸ್ಯಾಂಪಲ್ ಝಡ್ ಟೆಸ್ಟ್ ಮಾಡಿದೆ, ಝಡ್ 4.85 ಬಂತು. ಖುಷಿಯಾಯಿತು. ಆಮೇಲೆ ಗೆಳತಿಯ ಲ್ಯಾಪ್‌ಟಾಪ್‌ನಲ್ಲಿ ಆರ್ ಅಂತ ಅಂಕಿಅಂಶದ ಸಾಫ್ಟ್‌ವೇರ್ ಇತ್ತು, ಅದರಲ್ಲಿ ಝಡ್ ಟೆಸ್ಟ್ ಸಿಗಲಿಲ್ಲ ಅಂತ ಟಿ.ಟೆಸ್ಟ್ ಹಾಕಿ ನೋಡಿದರೆ 1.86, ಪಿ ವ್ಯಾಲ್ಯೂ (ನಿಜವಾಗಿ ಫರಕೇ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ಹೆಚ್ಚು ಫರಕು ಕಾಣುವ ಸಾಧ್ಯತೆ) 0.066, ಅಂದರೆ 0.05ರ ಗಡಿಗಿಂತ ಜಾಸ್ತಿ. ಒಂದು ಕಡೆ ಭಾರಿ ಫರಕು ಅನ್ನುತ್ತದೆ, ಇನ್ನೊಂದು ಕಡೆ ಏನೂ ಇಲ್ಲ ಅನ್ನುತ್ತದೆ. ಝಡ್‌ಗೂ ಟಿಗೂ ಇಷ್ಟು ಅಂತರ ಇರುತ್ತದಾ? ಯಾವುದನ್ನು ಬರೆಯಲಿ?

ಘಟಪ್ರಭಾ ದಂಡೆ, ಬಾಗಲಕೋಟೆ:

ಇಲ್ಲ, ಅಷ್ಟು ಅಂತರ ಇರೋದಿಲ್ಲ. ಎಕ್ಸೆಲ್‌ನ ಆ ಬಾಕ್ಸ್ ಒಮ್ಮೆ ತೆಗೆದು ನೋಡಿ. ಅಲ್ಲಿ ಕೇಳೋದು ವೇರಿಯನ್ಸ್, ಸ್ಟ್ಯಾಂಡರ್ಡ್ ಡೀವಿಯೇಷನ್ ಅಲ್ಲ. 6.1 ಮತ್ತು 7.4 ನೇರವಾಗಿ ಹಾಕಿದರೆ ಸರಿಯಾಗಿ 4.85 ಬರುತ್ತದೆ, ನಾನೂ ಲೆಕ್ಕ ಹಾಕಿ ನೋಡಿದೆ. ಹಾಕಬೇಕಾದದ್ದು ಅವುಗಳ ವರ್ಗ, ಅಂದರೆ 37.21 ಮತ್ತು 54.76.

ಕೈಯಿಂದಲೇ ಮಾಡಿ ನೋಡಿ, ಮನಸ್ಸಿಗೆ ಸಮಾಧಾನ ಆಗುತ್ತದೆ. 37.21ನ್ನು 60ರಿಂದ ಭಾಗಿಸಿ, 54.76ನ್ನೂ 60ರಿಂದ ಭಾಗಿಸಿ, ಎರಡನ್ನೂ ಕೂಡಿಸಿದರೆ 1.533. ಅದರ ವರ್ಗಮೂಲ 1.238. ಇದು ಸ್ಟ್ಯಾಂಡರ್ಡ್ ಎರರ್. ಸರಾಸರಿಗಳ ವ್ಯತ್ಯಾಸ 2.3 ಗ್ರಾಂ, ಅದನ್ನು 1.238ರಿಂದ ಭಾಗಿಸಿದರೆ 1.86. ಆರ್ ಕೊಟ್ಟ ಸಂಖ್ಯೆಯೇ ಬಂತು ಅಲ್ವಾ?

ಇನ್ನೊಂದು ಮಾತು. ಎಕ್ಸೆಲ್ ಕೆಳಗೆ ಎರಡು ಪಿ ವ್ಯಾಲ್ಯೂ ಕೊಡುತ್ತದೆ, ಒಂದು ಬದಿಯದು (ಡ್ರಿಪ್ ಹಣ್ಣೇ ಭಾರವಾ ಅಂತ ಮಾತ್ರ ನೋಡೋದು) ಮತ್ತು ಎರಡು ಬದಿಯದು (ಯಾವ ಕಡೆಗಾದರೂ ಫರಕು ಇದೆಯಾ ಅಂತ ನೋಡೋದು). ಸರಿ ಮಾಡಿದ ಮೇಲೆ ನಿಮಗೆ 0.032 ಮತ್ತು 0.063 ಕಾಣುತ್ತದೆ. 0.032 ನೋಡಿ ಅದನ್ನೇ ಬರೆಯೋಣ ಅನ್ನಿಸಬಹುದು. ಬೇಡ. 'ಫರಕು ಇದೆಯಾ' ಅನ್ನೋದು ನಿಮ್ಮ ಪ್ರಶ್ನೆ, ಅದಕ್ಕೆ ಎರಡು ಬದಿಯ ಟೆಸ್ಟೇ ಸರಿ. ಒಂದು ಬದಿ ಬೇಕಿದ್ದರೆ ಹಣ್ಣು ತೂಗುವ ಮೊದಲೇ ಬರೆದಿಟ್ಟಿರಬೇಕು, ಉತ್ತರ ನೋಡಿದ ಮೇಲೆ ಆರಿಸೋ ಹಾಗಿಲ್ಲ.

ಎಕ್ಸೆಲ್‌ನಲ್ಲೇ ಝಡ್.ಟೆಸ್ಟ್ ಅಂತ ಫಾರ್ಮುಲಾ ಕೂಡ ಇದೆ. ಅದು ಬೇರೆ, ಒಂದೇ ಸ್ಯಾಂಪಲ್‌ಗೆ ಮಾತ್ರ, ಕೊಡೋದು ಒಂದು ಬದಿಯ ಪಿ ವ್ಯಾಲ್ಯೂ ಮಾತ್ರ, ಮೇಲಾಗಿ ಅಲ್ಲಿ ಕೇಳೋದು ವೇರಿಯನ್ಸ್ ಅಲ್ಲ, ಡೀವಿಯೇಷನ್! ಒಂದೇ ಸಾಫ್ಟ್‌ವೇರ್‌ನಲ್ಲಿ ಒಂದು ಕಡೆ ಒಂದು ಥರ, ಇನ್ನೊಂದು ಕಡೆ ಇನ್ನೊಂದು ಥರ. ಇದರಿಂದ ಎಷ್ಟೋ ವಿದ್ಯಾರ್ಥಿಗಳು ಗೊಂದಲಕ್ಕೆ ಬೀಳುತ್ತಾರೆ, ನಿಜಕ್ಕೂ ಬೇಸರದ ವಿಷಯ.

ಟಿಳಕವಾಡಿ, ಬೆಳಗಾವಿ:

ಮೇಲಿನವರು ಹೇಳಿದ್ದು ಸರಿ. ನಾನು 'ಸ್ಯಾಂಪಲ್ 30 ದಾಟಿದರೆ ಝಡ್' ಅನ್ನೋ ನಿಯಮದ ಬಗ್ಗೆ ಹೇಳುತ್ತೇನೆ, ಯಾಕೆಂದರೆ ನಮ್ಮ ಕಡೆ ಎಲ್ಲರೂ ಅದನ್ನೇ ಬಾಯಿಪಾಠ ಮಾಡಿರುತ್ತಾರೆ.

ಝಡ್ ಟೆಸ್ಟ್‌ಗೆ ಬೇಕಾದದ್ದು ಮೊದಲೇ ಗೊತ್ತಿರುವ ಪಾಪ್ಯುಲೇಷನ್ ಸಿಗ್ಮಾ, ಅಂದರೆ ಸ್ಯಾಂಪಲ್‌ನದಲ್ಲ, ಇಡೀ ಗುಂಪಿನ ಸ್ಟ್ಯಾಂಡರ್ಡ್ ಡೀವಿಯೇಷನ್. ಸಕ್ಕರೆ ಕಾರ್ಖಾನೆಯಲ್ಲಿ ಚೀಲ ತುಂಬುವ ಮಷಿನ್ ಇದೆ ಅಂದುಕೊಳ್ಳಿ, ವರ್ಷಗಟ್ಟಲೆ ರೆಕಾರ್ಡ್ ಇದೆ, ತೂಕ ಎಷ್ಟು ಏರುಪೇರಾಗುತ್ತದೆ ಅಂತ ಗೊತ್ತಿದೆ. ಅಲ್ಲಿ ಝಡ್ ಸರಿ. ನಿಮ್ಮ 6.1 ಮತ್ತು 7.4 ಆ ಅರವತ್ತು ಹಣ್ಣಿನಿಂದಲೇ ತೆಗೆದದ್ದು, ಅದು ಸಿಗ್ಮಾ ಅಲ್ಲ, ಸಿಗ್ಮಾದ ಅಂದಾಜು. ಆ ಅಂದಾಜಿನಲ್ಲೂ ತಪ್ಪು ಇರಬಹುದು ಅನ್ನೋದನ್ನು ಲೆಕ್ಕಕ್ಕೆ ಹಿಡಿಯೋದೇ ಟಿ ಟೆಸ್ಟ್. ಡಬ್ಲಿನ್‌ನ ಗಿನ್ನೆಸ್ ಬ್ರೂವರಿಯಲ್ಲಿದ್ದ ವಿಲಿಯಂ ಸೀಲಿ ಗೊಸೆಟ್ 1908ರಲ್ಲಿ 'ಸ್ಟೂಡೆಂಟ್' ಅನ್ನೋ ಹೆಸರಿನಲ್ಲಿ ಇದನ್ನು ಬರೆದರು. ಚಿಕ್ಕ ಸ್ಯಾಂಪಲ್ ಇಟ್ಟುಕೊಂಡು ತೀರ್ಮಾನ ಮಾಡೋದು ಅವರ ಕೆಲಸದ ಕಷ್ಟವೇ ಆಗಿತ್ತು.

ಸ್ಯಾಂಪಲ್ ದೊಡ್ಡದಾದರೆ ಎರಡೂ ಹತ್ತಿರ ಬರುತ್ತವೆ, ನಿಯಮ ಹುಟ್ಟಿದ್ದು ಅಲ್ಲಿಂದ. ಎರಡು ಬದಿಯ ಟೆಸ್ಟ್‌ನಲ್ಲಿ ಪಿ ವ್ಯಾಲ್ಯೂ 0.05 ಆಗುವ ಝಡ್‌ನ ಗಡಿ ಯಾವಾಗಲೂ 1.96. ಡಿಗ್ರೀಸ್ ಆಫ್ ಫ್ರೀಡಂ (ಸ್ಯಾಂಪಲ್ ಗಾತ್ರದಿಂದ ಬರುವ ಸಂಖ್ಯೆ) 29 ಇದ್ದರೆ ಟಿಯ ಗಡಿ 2.045, 9 ಇದ್ದರೆ 2.262. ನಿಮ್ಮ ಡೇಟಾದಲ್ಲಿ ಝಡ್ ಪಿ ವ್ಯಾಲ್ಯೂ 0.063, ಟಿ ಪಿ ವ್ಯಾಲ್ಯೂ 0.066, ಅಷ್ಟೇ. ಹಾಗಾಗಿ ಸುಮ್ನೆ ಟಿ ಬಳಸಿ. ದೊಡ್ಡ ಸ್ಯಾಂಪಲ್‌ಗೆ ಕಳೆದುಕೊಳ್ಳೋದು ಏನಿಲ್ಲ, ಚಿಕ್ಕದಕ್ಕೆ ಅದೇ ಸರಿ.

ಆರ್‌ನಲ್ಲಿ ಝಡ್ ಸಿಗಲಿಲ್ಲ ಅಂದಿರಿ. ಮೂಲ ಆರ್‌ನಲ್ಲಿ ಇಲ್ಲ, ಬಿಎಸ್‌ಡಿಎ ಅನ್ನೋ ಪ್ಯಾಕೇಜ್‌ನಲ್ಲಿದೆ, ಅದಕ್ಕೆ ಎರಡೂ ಗುಂಪಿನ ಸಿಗ್ಮಾ ನೀವೇ ಕೊಡಬೇಕು. ಪೈಥಾನ್‌ನ ಸ್ಟ್ಯಾಟ್ಸ್‌ಮಾಡೆಲ್ಸ್‌ನಲ್ಲಿ ಝಡ್‌ಟೆಸ್ಟ್ ಇದೆ, ಆದರೆ ಅದು ಸಿಗ್ಮಾ ಕೇಳೋದೇ ಇಲ್ಲ, ಸ್ಯಾಂಪಲ್‌ನಿಂದಲೇ ತೆಗೆದುಕೊಳ್ಳುತ್ತದೆ. ಎಸ್‌ಪಿಎಸ್‌ಎಸ್ ಸಾಫ್ಟ್‌ವೇರ್‌ನಲ್ಲಾದರೆ ಕಂಪೇರ್ ಮೀನ್ಸ್ ಕೆಳಗಿನ ಇಂಡಿಪೆಂಡೆಂಟ್ ಸ್ಯಾಂಪಲ್ಸ್ ಟಿ ಟೆಸ್ಟ್ ಬಳಸಿ.

ಒಂದು ಎಚ್ಚರ. ಆರ್‌ನ ಟಿ.ಟೆಸ್ಟ್ ತಾನಾಗಿಯೇ ವೆಲ್ಚ್ ವಿಧಾನ ಬಳಸುತ್ತದೆ, ಎರಡು ಗುಂಪಿನ ವೇರಿಯನ್ಸ್ ಒಂದೇ ಅಂತ ನಂಬೋದಿಲ್ಲ. ಪೈಥಾನ್‌ನ ಸೈಪೈ ತಾನಾಗಿಯೇ ಒಂದೇ ಅಂತ ನಂಬುತ್ತದೆ, ನೀವೇ ಬದಲಿಸಬೇಕು. ಯಾವ ಸಾಫ್ಟ್‌ವೇರ್, ಯಾವ ವಿಧಾನ ಅಂತ ಥೀಸಿಸ್‌ನಲ್ಲಿ ತಪ್ಪದೇ ಬರೆಯಿರಿ.

ಇಂಡಿ ಲಿಂಬೆ:

ತುಂಬಾ ಧನ್ಯವಾದ. 37.21, 54.76 ಹಾಕಿದೆ, 1.86 ಬಂತು! ವೆಲ್ಚ್ ಟಿ ಅಂತಲೇ ಬರೆಯುತ್ತೇನೆ. ಹಾಗಾದರೆ ಡ್ರಿಪ್‌ನಿಂದ ತೂಕಕ್ಕೆ ಏನೂ ಲಾಭ ಇಲ್ಲ ಅಂತ ಬರೆದರೆ ಆಯಿತಾ?

ದ್ರಾಕ್ಷಿ ತೋಟ, ತಿಕೋಟಾ:

ತಡೀರಿ, ಹಾಗೆ ಬರೆಯಬೇಡಿ. ಫರಕು ತೋರಿಸೋಕೆ ಆಗಲಿಲ್ಲ ಅನ್ನೋದು ಬೇರೆ, ಫರಕೇ ಇಲ್ಲ ಅನ್ನೋದು ಬೇರೆ. ನಿಮ್ಮ ಸಂಖ್ಯೆಗಳ 95% ಕಾನ್ಫಿಡೆನ್ಸ್ ಇಂಟರ್ವಲ್ ಸುಮಾರು −0.15ರಿಂದ 4.75 ಗ್ರಾಂವರೆಗೆ ಬರುತ್ತದೆ. ಅಂದರೆ ಡ್ರಿಪ್‌ನಿಂದ ಒಂದು ಹಣ್ಣಿಗೆ ನಾಲ್ಕು ಗ್ರಾಂ ಜಾಸ್ತಿ ಆಗಿರುವ ಸಾಧ್ಯತೆಯೂ ಇದೆ, ಏನೂ ಆಗದಿರುವ ಸಾಧ್ಯತೆಯೂ ಇದೆ. ರೈತರಿಗೆ ಉಪಯೋಗ ಆಗೋದು ಈ ಇಂಟರ್ವಲ್, ಬರೀ ಪಿ ವ್ಯಾಲ್ಯೂ ಅಲ್ಲ.

ಆದರೆ ನನಗೆ ಇದಕ್ಕಿಂತ ದೊಡ್ಡ ಚಿಂತೆ ಇದೆ. ಆ 60 ಹಣ್ಣು ಎಷ್ಟು ಗಿಡದಿಂದ ಕಿತ್ತದ್ದು? ಎಷ್ಟು ತೋಟದಿಂದ?

ಇಂಡಿ ಲಿಂಬೆ:

ಎರಡೂ ಕಡೆ 6 ಗಿಡ, ಒಂದೊಂದರಿಂದ 10 ಹಣ್ಣು. ಡ್ರಿಪ್ ಗಿಡಗಳು ಮೂರು ತೋಟದಲ್ಲಿವೆ, ಪಾತಿಯವೂ ಅದೇ ಮೂರು ತೋಟದ್ದು. ಪ್ರತಿ ತೋಟದಲ್ಲಿ ಎರಡೆರಡು.

ದ್ರಾಕ್ಷಿ ತೋಟ, ತಿಕೋಟಾ:

ಅದೇ ಮೂರು ತೋಟ ಅಂದಿರಲ್ಲ, ಒಳ್ಳೆಯದಾಯಿತು. ಡ್ರಿಪ್ ಎಲ್ಲ ಎರೆ ಭೂಮಿಯಲ್ಲಿ, ಪಾತಿ ಎಲ್ಲ ಮಸಾರಿಯಲ್ಲಿ ಇದ್ದಿದ್ದರೆ ಫರಕು ನೀರಿನದೋ ಮಣ್ಣಿನದೋ ಅಂತ ಯಾವ ಸಾಫ್ಟ್‌ವೇರ್ ಕೂಡ ಹೇಳುತ್ತಿರಲಿಲ್ಲ.

ಆದರೆ 60 ಅನ್ನೋದು ನಿಜವಾದ 60 ಅಲ್ಲ. ಒಂದೇ ಗಿಡದ ಹತ್ತು ಹಣ್ಣು ಒಂದೇ ಬೇರಿನ ನೀರು ಕುಡಿದು, ಒಂದೇ ಗೊಬ್ಬರ ಉಂಡು ಬೆಳೆದದ್ದು, ಅವುಗಳ ತೂಕ ಒಂದಕ್ಕೊಂದು ಹೋಲುತ್ತದೆ. ಝಡ್ ಆಗಲಿ ಟಿ ಆಗಲಿ, ಪ್ರತಿ ಅಳತೆಯೂ ಸ್ವತಂತ್ರ ಅಂತ ನಂಬಿಕೊಂಡು ಲೆಕ್ಕ ಮಾಡುತ್ತವೆ. ನೀರು ಕೊಟ್ಟದ್ದು ಗಿಡಕ್ಕೆ, ಹಣ್ಣಿಗಲ್ಲ. ಹಾಗಾಗಿ ಎಣಿಸಬೇಕಾದದ್ದು ಗಿಡ. ನಿಮ್ಮ ಸ್ಯಾಂಪಲ್ 6 ಮತ್ತು 6.

ಸುಲಭ ದಾರಿ ಅಂದರೆ ಪ್ರತಿ ಗಿಡದ ಹತ್ತು ಹಣ್ಣಿನ ಸರಾಸರಿ ತೆಗೆಯಿರಿ, ಆರ್‌ನಲ್ಲಿ ಅಗ್ರಿಗೇಟ್ ಫಂಕ್ಷನ್ ಅದನ್ನು ಒಂದೇ ಸಾಲಿನಲ್ಲಿ ಮಾಡುತ್ತದೆ. ಸಿಕ್ಕ 12 ಸಂಖ್ಯೆಗಳ ಮೇಲೆ ಟೆಸ್ಟ್ ಮಾಡಿ. ಆಗ ಡಿಗ್ರೀಸ್ ಆಫ್ ಫ್ರೀಡಂ ಹೆಚ್ಚೆಂದರೆ 10, ಟಿಯ ಗಡಿ 2.228. ಇಲ್ಲಿ ಝಡ್‌ನ 1.96 ಹಿಡಿದುಕೊಂಡರೆ ನಿಜಕ್ಕೂ ಮೋಸ ಹೋಗುತ್ತೀರಿ. ತೋಟದಿಂದ ತೋಟಕ್ಕೆ ಇರುವ ವ್ಯತ್ಯಾಸವನ್ನೂ ಹಿಡಿಯಬೇಕು ಅಂದರೆ ಆರ್‌ನ ಎಲ್‌ಎಂಇ4 ಪ್ಯಾಕೇಜ್‌ನಲ್ಲಿ ತೋಟ ಮತ್ತು ಗಿಡವನ್ನು ರ‍್ಯಾಂಡಮ್ (ದೊಡ್ಡ ಗುಂಪಿನಿಂದ ಸಿಕ್ಕ ಮಾದರಿ) ಅಂತ ಕೊಟ್ಟು ಮಿಕ್ಸೆಡ್ ಮಾಡೆಲ್ ಮಾಡಬಹುದು, ಆದರೆ ಮೂರೇ ತೋಟ ಇರೋದರಿಂದ ತೋಟವನ್ನು ಫಿಕ್ಸೆಡ್ (ಈ ಮೂರೇ ತೋಟ) ಅಂತ ಇಡೋದೇ ನನಗೆ ಸರಿ ಕಾಣುತ್ತದೆ.

ಘಟಪ್ರಭಾ ದಂಡೆ, ಬಾಗಲಕೋಟೆ:

ಇದು ನಾನು ಕೇಳಬೇಕಾದ ಪ್ರಶ್ನೆ, ಒಳ್ಳೆಯದಾಯಿತು ನೀವು ಕೇಳಿದ್ದು. ಇಂಡಿ ಲಿಂಬೆ ಅವರೇ, ಇನ್ನೂ ಹಣ್ಣಿನ ಸೀಸನ್ ಇದ್ದರೆ ಹೆಚ್ಚು ಹಣ್ಣು ತೂಗಬೇಡಿ, ಹೆಚ್ಚು ಗಿಡ ಸೇರಿಸಿ. ಗಿಡಕ್ಕೆ ಐದು ಹಣ್ಣು ಸಾಕು, ಒಂದೊಂದು ಕಡೆ ಗಿಡ ಹನ್ನೆರಡಾದರೆ ಅದೇ ಶ್ರಮದಲ್ಲಿ ಇಂಟರ್ವಲ್ ಕಿರಿದಾಗುತ್ತದೆ. ಗಿಡವಾರು ಸರಾಸರಿ ತೆಗೆದ ಮೇಲೆ ಆ 12 ಸಂಖ್ಯೆಗಳನ್ನು ಇಲ್ಲಿ ಹಾಕಿ, ತೋಟದ ಹೆಸರು ಬೇಡ, ಒಂದು ಎರಡು ಮೂರು ಅಂತ ಇದ್ದರೆ ಸಾಕು. ಎಲ್ಲರೂ ಸೇರಿ ನೋಡೋಣ.